ಸಾಕೆನ್ನಿಸಿದ ಮೊಸರು

ಲೋಕ ಗೆಲ್ಲಲು ಹೊರಟವರೆಲ್ಲ ಕುದುರೆ ಏರಿದರು, ಕತ್ತಿ ಹಿರಿದರು, ಕಹಳೆ ಊದಿಸಿಕೊಂಡರು. ಶೇಷಾದ್ರಿ ಮಾತ್ರ ಫ್ರೀಮಾಂಟಿನಲ್ಲಿ ಬೆಳಗಿನ ರೈಲು ಹತ್ತಿ, ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ ಇಟ್ಟುಕೊಂಡು, ಓಕ್ಲ್ಯಾಂಡಿನವರೆಗೂ ಬಾಯಿ ತೆರೆದು ನಿದ್ದೆ ಹೊಡೆದು, ಅಲ್ಲಿಂದ ಶಟಲ್ ಬಸ್ಸಿನಲ್ಲಿ ಎಮರಿವಿಲ್ ತಲುಪಿ, ಬಿಳಿ ಕೋಟು ತೊಟ್ಟು ಲೋಕವನ್ನು ಮಟ್ಟ ಹಾಕಿದ. ಒಂದು ತೊಟ್ಟು ರಕ್ತ ಬೀಳಲಿಲ್ಲ. ಬಿದ್ದದ್ದು ಒಂದು ಚಮಚ ಮೊಸರು.

ಅವನು ಹುಟ್ಟಿದ್ದು ಮೈಸೂರಿನ ಒಂಟಿಕೊಪ್ಪಲಿನಲ್ಲಿ, ಐದು ಮಕ್ಕಳಲ್ಲಿ ನಾಲ್ಕನೆಯವನಾಗಿ. ಹಬ್ಬದ ಒಬ್ಬಟ್ಟು ನಾಲ್ಕನೆಯವನ ಎಲೆಗೆ ಬರುವ ಹೊತ್ತಿಗೆ ಅರ್ಧವಾಗಿರುತ್ತಿತ್ತು. ಶೇಷಾದ್ರಿ ಅದನ್ನೇ ತಿಂದು, ಎಲೆಗೆ ಕೈ ಅಡ್ಡ ಹಿಡಿದು, ‘ಸಾಕು’ ಎನ್ನುತ್ತಿದ್ದ. ಆಮೇಲೆ ಈ ಒಂದು ಪದವನ್ನೇ ಊರುಗೋಲು ಮಾಡಿಕೊಂಡು ಎಂ.ಎಸ್ಸಿ. ದಾಟಿದ, ಪಿಎಚ್.ಡಿ. ದಾಟಿದ, ಸಮುದ್ರವನ್ನೂ ದಾಟಿದ. ಜೊತೆಗೆ ಬಂದವರು ಡೈರೆಕ್ಟರು, ವೈಸ್ ಪ್ರೆಸಿಡೆಂಟು ಎಂದು ಮೆಟ್ಟಿಲು ಹತ್ತಿ ಗುಡ್ಡದ ಮೇಲೆ ಮನೆ ಮಾಡಿದರು. ಶೇಷಾದ್ರಿ ಸೇರಿದ ಲ್ಯಾಬಿನಲ್ಲೇ, ಮೊದಲ ದಿನ ಕೂತ ಸ್ಟೂಲಿನ ಮೇಲೇ, ತಲೆ ಬೋಳಾಗುವವರೆಗೂ ಕೂತ. ಬೇರೆ ಸ್ಟೂಲು ಕೊಡುತ್ತೇವೆಂದು ಆಫೀಸಿನವರೇ ಮೇಲೆ ಬಿದ್ದು ಹೇಳಿದಾಗಲೂ ಅವನ ಉತ್ತರ ಅದೇ.

ಇಂಥವನಿಗೆ ದೇವರು ನಿರುಪಮಾಳನ್ನು ಗಂಟು ಹಾಕಿದ. ಅವಳ ಬಾಯಿಂದ ಆ ಪದ ಕೇಳಿದವರು ಭೂಮಂಡಲದಲ್ಲಿ ಯಾರೂ ಇರಲಿಲ್ಲ. ಕನ್ನಡ ಸಂಘದ ನಾಟಕ ಆಡಿಸುವವಳು ಅವಳು. ಪ್ರತಿವರ್ಷ ಹಿಂದಿನದಕ್ಕಿಂತ ದೊಡ್ಡ ರಂಗಮಂದಿರ ಬೇಕು, ಹೆಚ್ಚು ದೀಪ ಬೇಕು, ಮಾತು ಮರೆಯದ ನಟರು ಬೇಕು. ಸ್ಯಾನ್ ಡಿಯಾಗೋದಲ್ಲಿ ಕೆಲಸಕ್ಕಿರುವ ಮಗಳು ಸಂಯುಕ್ತಾ ದಿನಾ ಫೋನು ಮಾಡಬೇಕು. ಮಾಡಿದರೆ ಇಷ್ಟು ಬೇಗ ಯಾಕೆ ಇಡುತ್ತೀಯೆಂದು ಜಗಳ. ಎಲ್ಲಕ್ಕಿಂತ ಮಿಗಿಲಾಗಿ ಹಿತ್ತಲಿನ ಬಾಳೆ ಗೊನೆ ಹಾಕಬೇಕು. ಅದು ಫ್ಲಾರಿಡಾದ ನರ್ಸರಿಯಿಂದ ತರಿಸಿದ ಕಂದು, ನಂಜನಗೂಡು ರಸಬಾಳೆಗೆ ದೂರದ ನೆಂಟ ಎಂದು ಅವಳ ನಂಬಿಕೆ. ಮಂಜು ಹೆಪ್ಪುಗಟ್ಟುವ ಚಳಿ ಬಂತೆಂದರೆ ಹಳೆಯ ಬೆಡ್‌ಶೀಟುಗಳನ್ನು ಅದಕ್ಕೆ ಸುತ್ತಿ, ಒಳಗೊಂದು ಬಲ್ಬು ಉರಿಸಿ, ಬಾಣಂತಿಯನ್ನು ನೋಡಿಕೊಳ್ಳುವಂತೆ ನೋಡಿಕೊಳ್ಳುತ್ತಿದ್ದಳು. ಬಾಳೆ ಪ್ರತಿವರ್ಷ ಬದುಕುತ್ತಿತ್ತು, ಯಾವ ವರ್ಷವೂ ಗೊನೆ ಹಾಕುತ್ತಿರಲಿಲ್ಲ. ಅದಕ್ಕೂ ಅವಳಿಂದ ಬೈಗುಳ ತಪ್ಪುತ್ತಿರಲಿಲ್ಲ. ಬಾಳೆಗೆ ಬಿದ್ದು ಮಿಕ್ಕಿದ್ದು ಶೇಷಾದ್ರಿಗೆ.

ಈಗ ಆ ಮಹಾ ಸಂಶೋಧನೆಯ ವಿಷಯ. ಸಕ್ಕರೆ ಕಾಯಿಲೆಯವರಲ್ಲಿ ಕೆಲವರಿಗೆ ಎಷ್ಟು ತಿಂದರೂ ಹೊಟ್ಟೆ ತುಂಬಿತೆನ್ನಿಸುವುದಿಲ್ಲ. ಅವರಿಗಾಗಿ ಶೇಷಾದ್ರಿ ಹಾಲಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಒಂದನ್ನು ವರ್ಷಗಟ್ಟಲೆ ಸಾಕಿ, ತಿದ್ದಿ, ಪಳಗಿಸಿದ. ಅದು ಹೊಟ್ಟೆ ಸೇರಿದರೆ ಕಾಲು ಗಂಟೆಯೊಳಗೆ ಮಿದುಳಿಗೆ ‘ಊಟವಾಯಿತು, ಏಳು’ ಎಂದು ಹೇಳಿ ಕಳಿಸುತ್ತಿತ್ತು. ಹೊಟ್ಟೆಬಾಕ ಇಲಿಗಳು ಅರ್ಧ ಕಾಳು ಬಿಟ್ಟು ಮೀಸೆ ಒರೆಸಿಕೊಂಡವು. ಶೇಷಾದ್ರಿಯ ಕಣ್ಣಲ್ಲಿ ನೀರು ಬಂತು.

ಆದರೆ ಒಂದು ಕೊರತೆ ಕಂಡಿತು. ಬ್ಯಾಕ್ಟೀರಿಯಾ ಹೆಚ್ಚಾದ ಇಲಿಗಳಿಗೆ ಊಟವೊಂದೇ ಅಲ್ಲ, ಎಲ್ಲವೂ ಸಾಕಾಯಿತು. ಓಟ ಸಾಕಾಯಿತು, ಸಂಗಾತಿ ಸಾಕಾಯಿತು. ಒಂದು ಇಲಿಯಂತೂ ಪಂಜರದ ಬಾಗಿಲು ತೆರೆದಿಟ್ಟರೂ ಹೊರಗೆ ನೋಡುತ್ತ ಪರಮಹಂಸರಂತೆ ಕೂತೇ ಇತ್ತು. ಇದನ್ನು ಸರಿಪಡಿಸುವವರೆಗೆ ಮನುಷ್ಯರ ಹತ್ತಿರ ಸುಳಿಯಬಾರದೆಂದು ಶೇಷಾದ್ರಿ ಹೇಳಿದ. ಲ್ಯಾಬಿನಲ್ಲಿ ಅದನ್ನು ಮುಟ್ಟುವವರು ಬೆಳಿಗ್ಗೆ ಒಂದು ಕ್ಯಾಪ್ಸೂಲು ನುಂಗಬೇಕೆಂಬ ನಿಯಮವನ್ನೂ ಮಾಡಿದ. ಕ್ಯಾಪ್ಸೂಲು ಹೊಟ್ಟೆಯಲ್ಲಿದ್ದರೆ ಆ ಬ್ಯಾಕ್ಟೀರಿಯಾ ಬದುಕುತ್ತಿರಲಿಲ್ಲ.

ಕಂಪನಿಯ ಹೊಸ ಒಡೆಯ ಸುಜಯ್ ಪಂಜರದ ಮುಂದೆ ಬಹಳ ಹೊತ್ತು ನಿಂತ. ಜಯನಗರದಿಂದ ಬಂದ ದಂಪತಿಯ ಮಗ, ಇಲ್ಲೇ ಹುಟ್ಟಿದವನು, ಮೂವತ್ತು ತುಂಬುವ ಮೊದಲೇ ಎರಡು ಕಂಪನಿ ಮುಳುಗಿಸಿ ಅನುಭವಿ ಎನ್ನಿಸಿಕೊಂಡಿದ್ದ.

“ಅಂಕಲ್, ಈ ಇಲಿ ಯಾಕೆ ಓಡಿಹೋಗ್ತಿಲ್ಲ?”

“ಅದಕ್ಕೆ ಬೇಡವಾಗಿದೆ. ಅದೇ ನಾನು ಹೇಳಿದ ಪ್ರಾಬ್ಲಮ್ಮು.”

“ಪ್ರಾಬ್ಲಮ್ಮಾ? ಅಂಕಲ್, ಹಸಿವು ಚಿಕ್ಕ ಮಾರ್ಕೆಟ್ಟು. ಕೆಲಸ ಬಿಟ್ಟು ಓಡಿಹೋಗೋ ಇಂಜಿನಿಯರ್ಸ್ ಎಷ್ಟು ಜನ ಇದಾರೆ ಗೊತ್ತಾ ಈ ವ್ಯಾಲೀಲಿ?”

ಶೇಷಾದ್ರಿ ಪಂಜರದ ಬಾಗಿಲು ಮುಚ್ಚಿದ. “ಅವರಿಗೆ ಹೇಳದೆ ತಿನ್ನಿಸೋದು ತಪ್ಪಲ್ವೇನಪ್ಪ?”

“ಹೇಳದೆ ಏನಿಲ್ಲ. ಮೊಸರಿನ ಡಬ್ಬಿ ಮೇಲೆ ‘ಲೈವ್ ಕಲ್ಚರ್ಸ್’, ಜೀವಂತ ಬ್ಯಾಕ್ಟೀರಿಯಾ ಇದೆ ಅಂತ ಇರತ್ತೆ. ದಿನಕ್ಕೊಂದು ಪುಟ್ಟ ಕಪ್ಪು, ಸಂಜೆಗೆ ಎಫೆಕ್ಟ್ ಹೋಗತ್ತೆ. ನೀವೇ ಹೇಳಿದ್ರಲ್ಲ, ಸ್ವಲ್ಪ ಹೋದ್ರೆ ಹೊಟ್ಟೇಲಿ ನಿಲ್ಲಲ್ಲ ಅಂತ.”

ಅದು ನಿಜವಾಗಿದ್ದರಿಂದ ಶೇಷಾದ್ರಿ ಒಪ್ಪಬೇಕಾಯಿತು. ಆಮೇಲೆ ಕಂಪನಿಯ ಮೀಟಿಂಗಿನಲ್ಲಿ ಯಾರೋ ಎಚ್ಚರಿಕೆಯ ಹೆಂಗಸು ಕೇಳಿದಳು, ಜನ ಅದನ್ನು ಮನೆಗೆ ಒಯ್ದರೆ ಏನಾಗುತ್ತದೆಂದು. ಎಲ್ಲರೂ ಶೇಷಾದ್ರಿಯತ್ತ ತಿರುಗಿದರು. ಅವನು ಕನ್ನಡಕ ಸರಿಮಾಡಿಕೊಂಡು, ಮನೆಗೆ ಒಯ್ದರೂ ತಿನ್ನುತ್ತಾರೆ, ಅಷ್ಟೆ, ಮೊಸರಿಗೆ ಬೇರೆ ಉಪಯೋಗವೇನಿದೆ ಎಂದ. ಮೂರು ಹೊತ್ತೂ ಮೊಸರಿನ ಮನೆಯಲ್ಲಿ ಬೆಳೆದವನು ಹಾಗೆಂದ. ಅಷ್ಟೊಂದು ಓದಿದವನ ಬಾಯಲ್ಲಿ ಮಾತ್ರ ಅಂಥ ಮಾತು ಬರಲು ಸಾಧ್ಯ.

ಹೀಗೆ ಬಿಳಿ ಡಬ್ಬಿಗಳ ದಂಡು ಹೊರಟಿತು. ಡಬ್ಬಿಯ ಮೇಲೆ ಧ್ಯಾನಕ್ಕೆ ಕೂತ ಒಂದು ಹಸುವಿನ ಚಿತ್ರ. ದೊಡ್ಡ ದೊಡ್ಡ ಆಫೀಸುಗಳ ಕ್ಯಾಂಟೀನಿನಲ್ಲಿ ಅದು ಬಿಟ್ಟಿ ಸಿಗತೊಡಗಿತು. ಸಂಬಳ ಏರಿಸಿ ಎನ್ನುವವರು ಬಾಯಿಗೆ ಬೀಗ ಹಾಕಿಕೊಂಡರು. ಪ್ರಮೋಷನ್ನು ತಪ್ಪಿದವರು ಸಿಕ್ಕವರ ಕೈ ಕುಲುಕಿ ತಮ್ಮ ಜಾಗಕ್ಕೆ ಮರಳಿದರು. ಇನ್ನು ಕೆಲಸವಿಲ್ಲ, ಮನೆಗೆ ಹೋಗಿ ಎಂದು ಒಂದು ಮಹಡಿಗೆ ಮಹಡಿಯನ್ನೇ ಕಳಿಸಿದಾಗ, ಜನ ಗಿಡದ ಕುಂಡ ಎತ್ತಿಕೊಂಡು ನಗುತ್ತ ಲಿಫ್ಟ್ ಇಳಿದರು. ಯಜಮಾನರು ಆನಂದತುಂದಿಲರಾದರು. ಸುಜಯ್‌ನ ಭಾವಚಿತ್ರ ಪತ್ರಿಕೆಗಳಲ್ಲಿ ಬಂತು. ಶೇಷಾದ್ರಿಗೆ ಹೊಸ ಸ್ಟೂಲು ಕೊಟ್ಟರು. ಈ ಸಲ ಬೇಡವೆನ್ನಲು ಬಿಡಲಿಲ್ಲ.

ಆ ಚಳಿಗಾಲದಲ್ಲಿ ಒಂದು ಸಂಜೆ ರೇಡಿಯೋದವರು ರಾತ್ರಿ ಮಂಜು ಹೆಪ್ಪುಗಟ್ಟುತ್ತದೆಂದರು. ಶೇಷಾದ್ರಿ ಮನೆಗೆ ಬಂದಾಗ ನಿರುಪಮಾ ಸೋಫಾದಲ್ಲಿ ಕೂತು ಗೋಡೆ ನೋಡುತ್ತಿದ್ದಳು. ಮುಖ ಪ್ರಸನ್ನವಾಗಿತ್ತು.

“ನಿರು, ಬೆಡ್‌ಶೀಟ್ ಎಲ್ಲಿಟ್ಟಿದೀಯ?”

“ಇಲ್ಲೇ ಎಲ್ಲೋ ಇರ್ಬೇಕು.”

“ಬಾಳೆಗೆ ಹೊದಿಸಲ್ವಾ ಇವತ್ತು?”

“ಗೊನೆ ಹಾಕಿದ್ರೂ ಒಂದೇ, ಹಾಕದಿದ್ರೂ ಒಂದೇ ರೀ. ನೀವು ಚಳೀಲಿ ಆಚೆ ಹೋಗ್ಬೇಡಿ. ಕಾಫಿ ಕುಡೀತೀರಾ?”

ಸತ್ಯ ಹೇಳಬೇಕೆಂದರೆ ಶೇಷಾದ್ರಿಗೆ ಸಂತೋಷವಾಯಿತು. ಮದುವೆಯಾದ ಮೇಲೆ ಮೊದಲ ಸಲ ಮನೆಯಲ್ಲಿ ಫ್ರಿಜ್ಜಿನ ಸದ್ದು ಕೇಳಿಸಿತು. ಹೆಂಡತಿಗೆ ವಯಸ್ಸಿನ ಪಕ್ವತೆ ಬಂತೆಂದುಕೊಂಡು ಕಾಫಿ ಕುಡಿದು ಮಲಗಿದ. ಬೆಳಿಗ್ಗೆ ಹಿತ್ತಲಲ್ಲಿ ಬಾಳೆ ಕಪ್ಪಾಗಿ, ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು. ನಿರುಪಮಾ ಕಿಟಕಿಯಿಂದ ಅದನ್ನು ನೋಡಿ ಪರದೆ ಎಳೆದಳು. ಅದೇ ವಾರ ಮಗಳ ಫೋನು ಬಂತು, ಅವನ ಆಫೀಸಿಗೆ.

“ಅಪ್ಪಾ, ಈಸ್ ಅಮ್ಮ ಮ್ಯಾಡ್ ಅಟ್ ಮಿ?”

“ಇಲ್ಲ ಪುಟ್ಟ, ಯಾಕೆ?”

“ಸಂಕ್ರಾಂತಿಗೆ ಬರಲ್ಲ ಅಂತ ಹೇಳ್ದೆ. ಶೀ ಸೆಡ್ ಓಕೆ.”

“ಓಕೆ ಅಂದ್ಲಾ?”

“ಅಪ್ಪಾ. ಶೀ ಸೆಡ್ ಓಕೆ.”



ಆ ಸಂಜೆ ಶೇಷಾದ್ರಿ ಅಡುಗೆಮನೆಗೆ ಹೋದ. ಕಟ್ಟೆಯ ಮೇಲೆ ಮೊಸರಿನ ಪಾತ್ರೆ ಇತ್ತು. ಫ್ರೀಮಾಂಟಿನ ಚಳಿಯಲ್ಲಿ ಹಾಲು ಹೆಪ್ಪಾಗಬೇಕೆಂದರೆ ಓವನ್ನಿನೊಳಗೆ ದೀಪ ಹಚ್ಚಿಟ್ಟು, ಮೇಲೆ ಟವೆಲು ಸುತ್ತಿ, ದೇವರನ್ನು ಬೇಡಿಕೊಳ್ಳಬೇಕು. ಈ ಪಾತ್ರೆ ಬಯಲಲ್ಲಿ ಕೂತಿತ್ತು, ಮೊಸರು ಮಾತ್ರ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ.

“ಹೆಪ್ಪು ಎಲ್ಲಿಂದ ತಂದೆ?”

“ಸತ್ಯವತಿ ಕೊಟ್ಳು.”

ಮರುದಿನ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟ ಶೇಷಾದ್ರಿ, ತಾನೇ ಎತ್ತಿ ಆಡಿಸಿದ ಕೂಸು ಬೀದಿಯಲ್ಲಿ ಮೀಸೆ ತಿರುವುತ್ತ ನಿಂತದ್ದನ್ನು ಕಂಡವನಂತಾದ. ಅದೇ ಜಾತಿ. ಆದರೆ ಡಬ್ಬಿಯಲ್ಲಿದ್ದ ಸಾಧು ತಳಿ ಹೋಗಿ, ಪಾತ್ರೆಯಿಂದ ಪಾತ್ರೆಗೆ ಸಾಗುತ್ತ ಸೊಕ್ಕಿ ಬೆಳೆದಿತ್ತು. ಹೊಟ್ಟೆಗೆ ಹೋದರೆ ಬಿಡಾರ ಹೂಡುವಷ್ಟು. ಅವನೂ ಅದನ್ನೇ ತಿಂದಿದ್ದ, ಬೆಳಗಿನ ಕ್ಯಾಪ್ಸೂಲು ಅವನನ್ನು ಕಾಪಾಡಿತ್ತು.

ಸತ್ಯವತಿ ಹಾಸನದ ಕಡೆಯವಳು, ಅವರ ಬೀದಿಯ ಮೂಲೆಮನೆಯಾಕೆ. ಗಂಡ ಒಂದು ದೊಡ್ಡ ಆಫೀಸಿನಲ್ಲಿ ಇಂಜಿನಿಯರು. ಶೇಷಾದ್ರಿ ಕೇಳಿದ ಕೂಡಲೇ ಮುಚ್ಚುಮರೆಯಿಲ್ಲದೆ ಹೇಳಿದಳು.

“ನಮ್ಮೆಜಮಾನ್ರು ಆಫೀಸಿಂದ ತಂದ್ರಣ್ಣ, ಆ ಹಸು ಡಬ್ಬೀನ. ಬಿಟ್ಟಿ ಕೊಟ್ಟಿದ್ದನ್ನ ಬಿಟ್ ಬರೋಕಾಗುತ್ತಾ? ತಿನ್ನೋಕೆ ಒಂದು ತುತ್ತೂ ಇಲ್ಲ ಅದ್ರಲ್ಲಿ. ಹಾಲಿಗೆ ಒಂದು ಚಮಚ ಬಿಟ್ಟೆ, ಕಲ್ಲಾದಂಗಾಯ್ತು.”

“ಯಾರ್ಯಾರಿಗೆ ಕೊಟ್ರಿ ತಾಯಿ?”

“ಕೇಳ್ದೋರಿಗೆಲ್ಲ ಕೊಟ್ಟೆ. ಹೆಪ್ಪು ಕೇಳಿದ್ರೆ ಇಲ್ಲ ಅನ್ನೋಕಾದೀತಾ? ನಿಮಗೂ ಒಂದಿಷ್ಟು ಕೊಡ್ಲಾ?”

ಶೇಷಾದ್ರಿ ಆ ಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಅಂಗಡಿಯ ಮೊಸರು ತಂದರೆ ಮೊದಲ ಚಮಚ ಹಾಲಿನ ಪಾತ್ರೆಗೆ ಎಂಬುದು ಸಮುದ್ರ ದಾಟಿದ ಪ್ರತಿಯೊಂದು ಕನ್ನಡ ಮನೆಯ ಶಾಸ್ತ್ರ. ಅವನ ತಾಯಿ ಮಾಡಿದ್ದು, ಅವನ ಹೆಂಡತಿ ಇಷ್ಟು ವರ್ಷ ಅವನ ಕಣ್ಣೆದುರಿಗೇ ಮಾಡಿದ್ದು. ಆ ಮೀಟಿಂಗಿನಲ್ಲಿ ಅವನಿಗೆ ಅದೊಂದು ನೆನಪಾಗಲಿಲ್ಲ. ಸತ್ಯವತಿಯ ಬಟ್ಟಲು ಅಶ್ವಮೇಧದ ಕುದುರೆಯಂತೆ ಮನೆಯಿಂದ ಮನೆಗೆ ಹೋಗಿತ್ತು. ಕಟ್ಟಿಹಾಕುವ ಶೂರ ಒಬ್ಬನೂ ಹುಟ್ಟಲಿಲ್ಲ. ಫ್ರೀಮಾಂಟಿನಿಂದ ಯೂನಿಯನ್ ಸಿಟಿ, ಅಲ್ಲಿಂದ ಮಿಲ್ಪಿಟಾಸ್, ಕನ್ನಡದವರಿಂದ ತೆಲುಗರಿಗೆ, ಅವರಿಂದ ಗುಜರಾತಿಗಳಿಗೆ. ಸಂಘದ ನಾಟಕ ಈ ವರ್ಷ ನಿಂತುಹೋಗಿತ್ತು. ಬೇಡವೆಂದವರು ಯಾರೂ ಇಲ್ಲ, ಬೇಕೆಂದವರೂ ಇರಲಿಲ್ಲ.

ಅವನು ಸುಜಯ್‌ನ ಮೇಲೆ ಯುದ್ಧಕ್ಕೆ ಹೊರಟ. ಜೀವನದಲ್ಲಿ ಮೊದಲ ಸಲ ಯಾರನ್ನಾದರೂ ಬೈಯಬೇಕೆಂದು ಶಟಲ್ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡ. ಸುಜಯ್ ಕಿಟಕಿಯ ಹತ್ತಿರ ಕಾಲು ಚಾಚಿ ಕೂತಿದ್ದ. ಅವನಮ್ಮನೂ ಯಾರಿಂದಲೋ ಹೆಪ್ಪು ತಂದಿದ್ದರು.

“ಎಲ್ಲ ಡಬ್ಬಿ ವಾಪಸ್ ತರಿಸಬೇಕು ಸುಜಯ್. ಇವತ್ತೇ.”

“ತರಿಸೋಣ ಅಂಕಲ್. ಅಥವಾ ಬೇಡ. ಯಾವುದಾದ್ರೂ ಆಗತ್ತೆ.”

“ಕಂಪನಿ ಮುಳುಗುತ್ತೆ ಕಣೋ.”

“ಮುಳುಗ್ಲಿ. ಇಷ್ಟಾಯ್ತಲ್ಲ, ಸಾಕಲ್ವಾ?”

ಕೊಲ್ಲಲು ಹೋದ ರಾಕ್ಷಸ ಎದ್ದು ಬಂದು ನೀರು ಕೊಟ್ಟರೆ ವೀರ ಏನು ಮಾಡಬೇಕು? ಶೇಷಾದ್ರಿ ನೀರು ಕುಡಿದು ಹೊರಗೆ ಬಂದ. ಆಮೇಲೆ ಯಾವುದೋ ಸರ್ಕಾರಿ ಆಫೀಸಿಗೂ ಹೋದ. ಅಲ್ಲಿನ ಅಧಿಕಾರಿಣಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, ಯಾರೂ ದೂರು ಕೊಟ್ಟಿಲ್ಲವಲ್ಲ ಎಂದರು. ಅವರ ಮೇಜಿನ ಮೇಲೂ ಹಸು ಧ್ಯಾನ ಮಾಡುತ್ತಿತ್ತು.

ಇನ್ನು ಲೋಕೋದ್ಧಾರ ಸಾಕೆಂದು ಅವನು ಒಬ್ಬಳನ್ನು ಉಳಿಸಿಕೊಳ್ಳಲು ಮನೆಗೆ ಹೋದ. ದಾರಿ ಸುಲಭವಿತ್ತು: ಲ್ಯಾಬಿನ ಕ್ಯಾಪ್ಸೂಲು ಕೆಲವು ದಿನ ನುಂಗಿದರೆ ಹೊಟ್ಟೆಯ ಬಿಡಾರ ಖಾಲಿಯಾಗುತ್ತದೆ. ಆದರೆ ನುಂಗಬೇಕೆಂದು ಅನ್ನಿಸಬೇಕಲ್ಲ.

“ಇದೊಂದು ತಗೋ ನಿರು.”

“ಯಾತಕ್ಕೆ?”

“ಮೊದಲಿನ ಹಾಗಾಗ್ತೀಯ.”

“ಮೊದಲು ಏನಾಗಿದ್ದೆ?” ಅವಳು ನಕ್ಕಳು. “ಚೆನ್ನಾಗೇ ಇದೀನಲ್ಲ ರೀ. ಬಿಡಿ.”

ದಿನಾ ಕೇಳಿದ. ದಿನಾ ಅದೇ ನಗು. ಅವಳು ಅವನ ಮೇಲೆ ರೇಗಲಿಲ್ಲ, ಅವನನ್ನು ಹುಡುಕಲೂ ಇಲ್ಲ. ರೈಲು ತಪ್ಪಿ ತಡವಾಗಿ ಬಂದರೆ ಎಲ್ಲಿದ್ದಿರಿ ಎಂದು ಕೇಳಲಿಲ್ಲ. ಮೇಜಿನ ಮೇಲೆ ಊಟ ಮುಚ್ಚಿಟ್ಟಿರುತ್ತಿತ್ತು, ಅದರ ಮುಂದೆ ಕೂತರೆ ಶೇಷಾದ್ರಿಗೆ ಅನ್ನ ಸಪ್ಪೆಯೆನ್ನಿಸುತ್ತಿತ್ತು. ಬೈಗುಳವೇ ಅವನ ಉಪ್ಪಿನಕಾಯಿಯಾಗಿತ್ತು. ಅದು ಅವನಿಗೆ ಈಗ ತಿಳಿಯಿತು.

ಕೊನೆಗೊಂದು ಬೆಳಿಗ್ಗೆ ಅವನು ಕ್ಯಾಪ್ಸೂಲು ಬಿಡಿಸಿ ಪುಡಿಯನ್ನು ಅವಳ ಕಾಫಿಗೆ ಕಲಸಿದ. ಹೇಳದೆ ತಿನ್ನಿಸುವುದು ತಪ್ಪೆಂದು ಒಮ್ಮೆ ಯಾರಿಗೋ ಹೇಳಿದ್ದು ಚಮಚ ತಿರುಗಿಸುವಾಗ ನೆನಪಾಯಿತು. ಚಮಚ ನಿಲ್ಲಲಿಲ್ಲ. ಮನೆಯ ಮೊಸರನ್ನೆಲ್ಲ ಸಿಂಕಿಗೆ ಸುರಿದು, ಅಂಗಡಿಯಿಂದ ಬೇರೆ ಮೊಸರು ತಂದಿಟ್ಟ. ಅವಳು ಯಾಕೆಂದೂ ಕೇಳಲಿಲ್ಲ.

ದಿನಾ ಬೆಳಿಗ್ಗೆ ಕಾಫಿಗೆ ಅದೇ ಪುಡಿ ಹಾಕಿದ, ಸ್ವಲ್ಪ ದಿನ ಏನೂ ಆಗಲಿಲ್ಲ. ಆಮೇಲೊಂದು ಬೆಳಿಗ್ಗೆ ಅಡುಗೆಮನೆಯಿಂದ ಮಾತು ಕೇಳಿಸಿತು.

“ಏನ್ರೀ ಇದು, ಕಾಫೀನಾ, ಪಾತ್ರೆ ತೊಳೆದ ನೀರಾ?”

ಕಾಫಿ ಮಾಡಿಟ್ಟು ಬಂದು ಹಾಸಿಗೆಯಲ್ಲಿ ಕೂತಿದ್ದ ಶೇಷಾದ್ರಿ ಕೂತಲ್ಲೇ ಕೈ ಮುಗಿದ. ಆ ದಿನವೆಲ್ಲ ಮನೆ ರಣರಂಗವಾಯಿತು. ನಿರುಪಮಾ ಮಗಳಿಗೆ ಫೋನು ಮಾಡಿ ಸಂಕ್ರಾಂತಿಗೆ ಬಾರದ ಪಾಪಿಯೆಂದು ಬೈದಳು, ಮಗಳು ಆ ಕಡೆ ಅತ್ತಳು, ನಕ್ಕಳು. ಸಂಘದವರಿಗೆಲ್ಲ ಫೋನು ಹೋಯಿತು. ಯಾರೂ ನಾಟಕಕ್ಕೆ ಒಲ್ಲೆನೆನ್ನಲಿಲ್ಲ, ಯಾರೂ ಬರುತ್ತೇನೆಂದೂ ಹೇಳಲಿಲ್ಲ. ಸಂಜೆ ಹಿತ್ತಲಿಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಅವನು ಹೋಗಿ ನೋಡಿದರೆ ಕಪ್ಪು ಬಾಳೆಯ ಬುಡದಲ್ಲಿ ಕೂತಿದ್ದಳು.

“ಏನ್ ಮಾಡಿದ್ರಿ ನನಗೆ?”

ಅವನು ಎಲ್ಲವನ್ನೂ ಹೇಳಿದ. ಇಲಿ, ಸುಜಯ್, ಡಬ್ಬಿ, ಮೀಟಿಂಗು, ಕಾಫಿ. ಅವಳು ಅಡ್ಡ ಮಾತಾಡದೆ ಕೇಳಿಸಿಕೊಂಡದ್ದಕ್ಕೇ ಅವನಿಗೆ ಭಯವಾಯಿತು.

“ಆ ಹುಡುಗ ಹಾಕುವಾಗ ನನ್ನ ಕೇಳಲಿಲ್ಲ. ನೀವು ತೆಗೆಯುವಾಗ ನನ್ನ ಕೇಳಲಿಲ್ಲ.”

“ಕೇಳಿದೆ ನಿರು. ನೀನು ಬೇಡ ಅಂದೆ.”

“ಹಾಗಾದ್ರೆ ಇನ್ನೂ ದೊಡ್ಡ ತಪ್ಪು.” ಅವಳು ಮಣ್ಣನ್ನು ಕೈಯಿಂದ ಒರೆಸಿಕೊಂಡಳು. “ಈ ದೇಶಕ್ಕೆ ಬಂದಾಗಿಂದ ನನ್ನ ತಲೇಲಿ ಒಂದು ಮಿಕ್ಸಿ ಓಡ್ತಾನೇ ಇತ್ತು ರೀ. ಇದು ಆಗ್ಲಿಲ್ಲ, ಅದು ಬರ್ಲಿಲ್ಲ, ಇವಳು ಫೋನ್ ಮಾಡ್ಲಿಲ್ಲ. ನಾನು ಸುಖಕ್ಕೆ ಕೂಗಾಡ್ತಿದ್ದೆ ಅಂದ್ಕೊಂಡಿದ್ರಾ? ಆ ಮಿಕ್ಸಿ ನಿಂತಿತ್ತು. ಎಷ್ಟು ಚೆನ್ನಾಗಿತ್ತು ಗೊತ್ತಾ ನಿಮಗೆ? ನೀವು ಮತ್ತೆ ಸ್ವಿಚ್ ಹಾಕಿದ್ರಿ.”

“ನನಗೆ ನೀನು ಬೇಕಾಗಿತ್ತು.”

“ನಿಮಗೆ ಬೇಕಾಗಿತ್ತು. ಸರಿ. ಈಗ ನನಗೂ ಒಂದು ಬೇಕು.” ಅವಳು ಎದ್ದಳು. “ಸತ್ಯವತಿ ಮನೆಗೆ ಹೋಗ್ಬರ್ತೀನಿ.”

“ಬೇಡ ನಿರು. ನಾನೊಬ್ಬನೇ ಆಗ್ಬಿಡ್ತೀನಿ.”

“ನೀವೂ ಆ ಕ್ಯಾಪ್ಸೂಲು ಬಿಡಿ. ಜೊತೆಗೆ ಕೂತು ಗೋಡೆ ನೋಡೋಣ.”

ಹುಟ್ಟಿದಾಗಿಂದ ಏನೂ ಕೇಳದೆ ಬದುಕಿದವನಿಗೆ ಈ ವಯಸ್ಸಿನಲ್ಲಿ ಒಂದು ಆಸೆ ಹುಟ್ಟಿತ್ತು, ಅದನ್ನು ಬಿಟ್ಟುಕೊಡಲು ಅವನಿಂದಾಗಲಿಲ್ಲ. ಅವಳ ಕೈ ಹಿಡಿದು ನಿಲ್ಲಿಸಲೂ ಆಗಲಿಲ್ಲ. ಬೇಕೆನ್ನುವ ಶಕ್ತಿಯನ್ನು ಅವಳಿಗೆ ಮರಳಿಸಿದವನು ಅವನೇ. ಆ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ ಅವಳು ಬಯಸಿದ್ದು ಇದೊಂದನ್ನೇ.

ನಿರುಪಮಾ ಬಟ್ಟಲು ಮುಚ್ಚಿಕೊಂಡು ಬಂದಳು, ಹಾಲು ಉಗುರುಬೆಚ್ಚಗೆ ಮಾಡಿದಳು, ಹೆಪ್ಪು ಬಿಟ್ಟು ತಟ್ಟೆ ಮುಚ್ಚಿದಳು. ಅದು ಗಟ್ಟಿಯಾಗುವವರೆಗೆ ಮಾತ್ರ ಶೇಷಾದ್ರಿಗೆ ಹೆಂಡತಿ ಇದ್ದಳು. ಏನಾದರೂ ಮಾತಾಡಬೇಕಿತ್ತು. ಹತ್ತಿರ ಕೂತು ಅವನು, ಈ ದೇಶಕ್ಕೆ ಬಂದ ದಿನ ಕುಕ್ಕರಿನ ವಿಷಲ್ಲು ಮೈಸೂರಿನಲ್ಲೇ ಬಿಟ್ಟು ಬಂದವಳು ನೀನು ಎಂದ.

“ನಾನಾ?” ನಿರುಪಮಾಳ ಕಣ್ಣು ಅರಳಿತು. “ಸೂಟ್‌ಕೇಸ್ ಕಟ್ಟಿದ್ದು ಯಾರು? ನಾಲ್ಕು ಸಲ ಕೇಳಿದೆ, ಎಲ್ಲ ಹಾಕಿದ್ರಾ ಅಂತ. ಹೂಂ ಹೂಂ ಅಂತ ಪೇಪರ್ ಓದ್ತಾ ಕೂತಿದ್ರಿ.”

“ಪೇಪರ್ ಓದ್ತಿದ್ದವರು ನಿಮ್ಮಪ್ಪ.”

“ನಮ್ಮಪ್ಪನ ಸುದ್ದಿಗೆ ಬರ್ಬೇಡಿ ನೀವು. ಆ ಮನುಷ್ಯ ಆಮೇಲೆ ಇಡೀ ಮೈಸೂರು ಸುತ್ತಿ ವಿಷಲ್ ಹುಡುಕಿ ಪೋಸ್ಟಲ್ಲಿ ಕಳಿಸಿದ್ರು. ನಿಮ್ಮನೇವ್ರು ಏನ್ ಕಳಿಸಿದ್ರು? ಬುದ್ಧಿವಾದ.”

ಮೊಸರು ಗಟ್ಟಿಯಾದ ಮೇಲೆ, ತಡರಾತ್ರಿ, ಜಗಳ ಊಟದ ಮೇಜಿಗೆ ಬಂತು. ವಿಷಲ್ಲು ಬಿಟ್ಟವನು ಶೇಷಾದ್ರಿಯೇ ಎಂಬುದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಅವನು ಸುಳ್ಳಿನ ಮೇಲೆ ಸುಳ್ಳು ಪೇರಿಸಿದ, ಅವಳು ಒಂದೊಂದನ್ನೂ ಕೆಡವಿ ನಕ್ಕಳು, ಅವನ ತಾಯಿಯನ್ನೂ ಎಳೆದು ತಂದಳು, ಅನ್ನಕ್ಕೆ ಸಾರು ಬಡಿಸಿಕೊಂಡಳು, ಆಮೇಲೆ ಮೊಸರು ಬಡಿಸಿಕೊಂಡಳು. ಅವನು ತಟ್ಟೆಯ ಕಡೆ ನೋಡದೆ ಇನ್ನಷ್ಟು ಜೋರು ಮಾಡಿದ. ಟಿಕೆಟ್ಟಿನ ವಿಷಯ ತೆಗೆದ, ಟ್ಯಾಕ್ಸಿಯವನನ್ನು ಸಾಕ್ಷಿಗೆ ಕರೆದ.

“ನೆನಪು ಮಾಡ್ಕೋ ನಿರು. ವಿಷಲ್ಲು ನಿನ್ನ ಕೈಲೇ ಇತ್ತು. ನಾನೇ ಕಣ್ಣಾರೆ ನೋಡಿದೆ.”

ನಿರುಪಮಾ ಕೊನೆಯ ತುತ್ತು ಮುಗಿಸಿ ತಟ್ಟೆಯನ್ನು ಸ್ವಲ್ಪ ದೂರ ಸರಿಸಿದಳು.

“ಇದ್ರೂ ಇರಬಹುದು ರೀ,” ಎಂದಳು. “ನಾನೇ ಬಿಟ್ಟಿರ್ತೀನಿ.”